ಎತ್ತಿನ ಹಲ್ಲು ನೋಡುವವನ ಹಲ್ಲುನೋವು

ನಮ್ಮ ಸತ್ತಿ ಊರಲ್ಲಿ ಯಾರೇ ಎತ್ತು ಕೊಳ್ಳಲಿ, ಮೊದಲು ನನ್ನನ್ನು ಕರೆಯುತ್ತಾರೆ. ತುಟಿ ಎತ್ತಿ ಹಲ್ಲು ನೋಡಿ ವಯಸ್ಸು ಹೇಳುವುದರಲ್ಲಿ ನಾನೇ ಸುಪ್ರೀಂ ಕೋರ್ಟು! ಎಲ್ಲ ಹಲ್ಲೂ ಬಂದಿದ್ದರೆ "ಬಾಯಿ ಕೂಡೈತಿ, ಹಿಡಕೊಂಡ ನಡಿ" ಎಂದು ತೀರ್ಪು ಕೊಡುತ್ತೇನೆ. ಹೀಗಾಗಿ ನನ್ನದೇ ದವಡೆಹಲ್ಲು ನೋಯತೊಡಗಿದಾಗ ಆ ವಿಚಾರಣೆಯನ್ನೂ ನಾನೇ ಕೈಗೆತ್ತಿಕೊಂಡೆ.

"ಅಥಣಿಗೆ ಹೋಗಿ ಡಾಕ್ಟರಗ ತೋರಸ್ರಿ," ಅಂದಳು ಹೆಂಡತಿ ಶಾಂತವ್ವ.

"ಹಲ್ಲಿನ ವಿಷಯ ನನಗ ಹೇಳ್ತೀಯೇನ? ಎತ್ತ ಎಂದಾದ್ರೂ ಹಲ್ಲ ಹಿಡಕೊಂಡ ದವಾಖಾನಿಗೆ ಹೋಗೇತೇನ?"

"ಎತ್ತಿಗೆ ಬುದ್ಧಿ ಐತ್ರಿ. ತಂಬಾಕ ತಿನ್ನೂದಿಲ್ಲ."

ತಂಬಾಕು ಎಂದದ್ದೇ ಉಪಾಯ ಹೊಳೆಯಿತು! ನಿಪ್ಪಾಣಿಯ ತಂಬಾಕು ಹುರಿದು ಪುಡಿ ಮಾಡಿದ ಮಶೇರಿಯನ್ನು ಹಲ್ಲಿಗೆ ಒತ್ತಿದೆ. ಬಾಯಿ ಜೋಮು ಹಿಡಿಯಿತು, ತಲೆ ತಿರುಗಿತು. ಅದನ್ನೇ ಗುಣವೆಂದುಕೊಂಡೆ. ಬಿಸಿ ಚಹಾ ತಾಗಿದರೆ ಜೀವ ಹೋಗುತ್ತಿತ್ತು, ಆರಿಸಿ ಕುಡಿದೆ. ಒಂದು ಮುಂಜಾನೆ ನೋವು ತಾನಾಗಿಯೇ ನಿಂತೇಬಿಟ್ಟಿತು! ಶಾಂತವ್ವನ ಮುಂದೆ ಮೀಸೆ ತಿರುವಿದೆ.

ಆ ವಾರ ನಮ್ಮ ಎಮ್ಮೆ ಒಂದು ಹೊತ್ತು ಮೇವು ಬಿಟ್ಟಿತು. ಓಡಿಹೋಗಿ ದನದ ಡಾಕ್ಟರನ್ನು ಕರೆತಂದೆ. ಅವರು ಎಮ್ಮೆಯನ್ನು ನೋಡಿ, ಆಮೇಲೆ ನನ್ನನ್ನು ನೋಡಿದರು.

"ಎಮ್ಮಿ ಆರಾಮೈತಿ. ನಿಮ್ಮ ಗಲ್ಲ ಯಾಕ ಬಾತೇತ್ರಿ?"

ಸಂಜೆಗೆ ಬಾವು ಕುತ್ತಿಗೆಗೆ ಇಳಿಯಿತು. ಜ್ವರ ಬಂತು. ಮರುದಿನ ಬಾಯಿ ತೆರೆಯಲಾಗಲಿಲ್ಲ, ನೀರೂ ಗಂಟಲಲ್ಲಿ ಇಳಿಯಲಿಲ್ಲ. ಶಾಂತವ್ವ ಬೈಯುವುದನ್ನು ಬಿಟ್ಟು ಅಳತೊಡಗಿದಳು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಅಥಣಿಯ ಹಲ್ಲಿನ ಡಾಕ್ಟರಮ್ಮ, ನಾನು ಎತ್ತಿಗೆ ಮಾಡುವ ಹಾಗೆಯೇ, ನನ್ನ ತುಟಿ ಎತ್ತಿ ನೋಡಿದರು.

"ಕಾಕಾ, ನೋವು ನಿಂತಿದ್ದು ಹಲ್ಲು ಸತ್ತಿದ್ದಕ್ಕರಿ. ಕೀವು ಗಂಟಲಿಗೆ ಇಳದೈತಿ, ತಡಾ ಮಾಡಿದ್ರ ಉಸಿರು ಕಟ್ಟತೈತಿ. ಈಗಿಂದೀಗ ಮಿರಜಿನ ದೊಡ್ಡ ದವಾಖಾನಿಗೆ ನಡೀರಿ. ಚಹಾ ತಾಗಿ ಜುಮ್ ಅಂದಾಗನ ಬಂದಿದ್ರ ಹಲ್ಲೂ ಉಳೀತಿತ್ತು."

ಮಿರಜಿನಲ್ಲಿ ಕುತ್ತಿಗೆ ಕೊಯ್ದು ಕೀವು ತೆಗೆದರು. ಪಕ್ಕದ ಮಂಚದವನೂ ಹಲ್ಲಿನ ಕೀವಿನಿಂದಲೇ ಬಂದವನು. ಒಂದು ಬೆಳಿಗ್ಗೆ ಅವನ ಮಂಚ ಖಾಲಿ ಇತ್ತು. ಎಲ್ಲಿ ಹೋದ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಮೊನ್ನೆ ನೆರೆಮನೆಯ ಬಸಪ್ಪ ಹೊಸ ಎತ್ತು ತಂದ. ಹಲ್ಲು ನೋಡಲು ಬಾಗಿದೆ. ಅವನು ಎತ್ತನ್ನು ಹಿಂದಕ್ಕೆಳೆದ.

"ತಡೀರಿ ಮಾಮಾ. ಮೊದಲ ನಿಮ್ಮ ಬಾಯಿ ತಗೀರಿ, ನೋಡೂಣು!"

ತೆಗೆದೆ. ಶಾಂತವ್ವ ಒಳಗಿನಿಂದಲೇ ಕೂಗಿದಳು:

"ಬಾಯಿ ಕೂಡಿ ಭಾಳ ವರ್ಷ ಆತೋ ಬಸಪ್ಪಾ. ಬುದ್ಧಿ ಇನ್ನೂ ಕೂಡಿಲ್ಲ!"

ಸುಪ್ರೀಂ ಕೋರ್ಟು ಬಾಯಿ ಮುಚ್ಚಿಕೊಂಡಿತು.