ಗಾಜಿನ ಸೂರು, ತೆಂಗಿನ ಊರು

ನನ್ನ ಸೋದರಮಾವ ತೆಂಗಿನಮರಕ್ಕೆ ಹೆದರುವ ತೆಂಗು ಬೆಳೆಗಾರ. ಇಂಥವರು ನಮ್ಮ ಕಣಕಟ್ಟೆಯಲ್ಲಿ ಇನ್ನೊಬ್ಬರಿಲ್ಲ. ಇಡೀ ಅರಸೀಕೆರೆ ತಾಲೂಕಿನಲ್ಲೂ ಇರಲಾರರು! ಮರ ಹತ್ತಲು ಹೆದರುತ್ತಾನೆ ಎಂದುಕೊಂಡಿರಾ? ಅಲ್ಲ, ಮರದ ಕೆಳಗೆ ನಿಲ್ಲಲು. ಅದೂ ತಾನು ನಿಲ್ಲಲು ಅಲ್ಲ, ತನ್ನ ಗಾಡಿಯನ್ನು ನಿಲ್ಲಿಸಲು!

ಕೊಬ್ಬರಿಗೆ ಒಳ್ಳೆಯ ಬೆಲೆ ಬಂದಿತ್ತು. ಮಾವ ಬೆಂಗಳೂರಿಗೆ ಹೋಗಿ, ನಮ್ಮ ಕೊಟ್ಟಿಗೆಯಷ್ಟು ದೊಡ್ಡದಾದ ಐಷಾರಾಮಿ ಎಸ್‌ಯುವಿ ಒಂದನ್ನು ಕೊಂಡ. ಶೋರೂಮಿನ ಹುಡುಗ, "ಸರ್, ಮೇಲೆ ಪೂರ್ತಿ ಗಾಜು. ಒರಗಿಕೊಂಡು ನಕ್ಷತ್ರ ನೋಡಬಹುದು" ಎಂದನಂತೆ. ಮಾವ ಮರುಳಾದದ್ದು ಅಲ್ಲೇ. ಬರುವ ದಾರಿಯುದ್ದಕ್ಕೂ ಗಾಜಿನಲ್ಲಿ ಆಕಾಶವೇ ಕಂಡಿತು. ಊರೊಳಕ್ಕೆ ಬಂದು ತಲೆಯೆತ್ತಿ ನೋಡುತ್ತಾನೆ, ಗಾಜಿನ ತುಂಬ ತೆಂಗಿನ ಗೊನೆ!

"ಗಾಜಿನ ಸೂರಿನ ಗಾಡೀನ ತೆಂಗಿನ ಸೀಮೆಗೆ ತಂದವ್ನಲ್ಲಪ್ಪ!" ಎಂದು ನಮ್ಮಮ್ಮ ಹಣೆ ಚಚ್ಚಿಕೊಂಡಳು. ಮಾವ ಅವಳ ಒಬ್ಬನೇ ತಮ್ಮ. ಅವನನ್ನು ಬೈಯುವ ಹಕ್ಕನ್ನು ಅವಳು ಯಾರಿಗೂ ಬಿಟ್ಟುಕೊಟ್ಟವಳಲ್ಲ.

ನೀವೇ ಹೇಳಿ, ನಮ್ಮೂರಿನಲ್ಲಿ ಮೇಲೆ ತೆಂಗಿಲ್ಲದ ಜಾಗ ಎಲ್ಲಿದೆ? ಮಾವನ ಮನೆ ಮುಂದೆ ತೆಂಗು, ಹಿಂದೆ ತೆಂಗು. ನಮ್ಮದಂತೂ ತೋಟದ ನಡುವಿನ ಮನೆ. ಕೊನೆಗೆ ಅವನಿಗೆ ಸಿಕ್ಕಿದ್ದು ಊರಾಚೆಯ ರಾಗಿ ಕಣ. ಗಾಡಿ ಅಲ್ಲೇ ಠಿಕಾಣಿ ಹೂಡಿತು. ಮಾವ ದಿನಾ ಹಳೇ ಮೊಪೆಡ್ಡಿನಲ್ಲಿ ಕಣಕ್ಕೆ ಹೋಗಿ, ಮೊಪೆಡ್ಡು ನಿಲ್ಲಿಸಿ, ಗಾಡಿ ಹತ್ತುತ್ತಿದ್ದ. ನಾವೆಲ್ಲ ಹೊರಟರೆ ಒಬ್ಬೊಬ್ಬರನ್ನೇ ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಸಾಗಿಸುತ್ತಿದ್ದ. ಅಷ್ಟು ಹೊತ್ತಿಗೆ ಬಸ್ಸಿನಲ್ಲಿ ಹೋದವರು ಅರಸೀಕೆರೆ ಮುಟ್ಟಿ ಕಾಫಿ ಕುಡಿದಿರುತ್ತಿದ್ದರು!

ಆ ಗಾಡಿಯ ಸೀಟು ಮಾಲೀಸು ಮಾಡುವವರಂತೆ ಬೆನ್ನು ಒತ್ತುತ್ತದೆ. ಇದು ಗೊತ್ತಾದ ಮೇಲೆ ನಮ್ಮತ್ತೆ ಮಧ್ಯಾಹ್ನದ ಅಡುಗೆ ಮುಗಿಸಿ ಕಣಕ್ಕೆ ಹೋಗಿ ಒಂದು ನಿದ್ದೆ ತೆಗೆದು ಬರತೊಡಗಿದಳು. "ಬೆನ್ನು ಒತ್ತು ಅಂತ ನನ್ನ ಪ್ರಾಣ ತಿನ್ನೋದು ಬಿಟ್ಟವಳೆ. ಗಾಡಿ ದುಡ್ಡು ಅಲ್ಲೇ ವಸೂಲು ಕಣವ್ವ!" ಎಂದ ಮಾವ, ನನ್ನ ಬಳಿ. ಇನ್ನು ಡಿಕ್ಕಿ. ಅದರ ಕೆಳಗೆ ಕಾಲು ಆಡಿಸಿದರೆ ತಾನಾಗಿ ತೆರೆದುಕೊಳ್ಳುತ್ತದೆ. ಮಾವ ತಲೆ ಮೇಲೆ ಕಾಯಿ ಮೂಟೆ ಹೊತ್ತು ಕಾಲು ಬೀಸುತ್ತಿದ್ದುದನ್ನು ದೂರದಿಂದ ಕಂಡ ಪಕ್ಕದ ಹೊಲದವರು, ಇವನಿಗೂ ಗಾಡಿಗೂ ಜಗಳ ಎಂದೇ ಬಹಳ ದಿನ ನಂಬಿದ್ದರು.

ಒಮ್ಮೆ ನಮ್ಮನ್ನು ಬೇಲೂರು, ಹಳೇಬೀಡಿಗೆ ಕರೆದೊಯ್ದ. ಇನ್ನೂರು ಕುದುರೆಯ ಬಲವಿದ್ದರೂ ಓಡಿಸಿದ್ದು ಎತ್ತಿನ ಗಾಡಿಯಂತೆ. ಜಾವಗಲ್ ದಾಟುವಷ್ಟರಲ್ಲಿ ಅಮ್ಮನದೊಂದು ನಿದ್ದೆ ಆಗಿತ್ತು. ಬೇಲೂರಿನಲ್ಲಿ ಅವನು ಗುಡಿಯೊಳಕ್ಕೇ ಬರಲಿಲ್ಲ, ಗಾಡಿ ಕಾದ. ಹಳೇಬೀಡಿನಲ್ಲಿ ಮಾತ್ರ ಇಳಿದು, ಸುತ್ತಲೂ ತಲೆಯೆತ್ತಿ ನೋಡಿ, ಕೈ ಮುಗಿದುಬಿಟ್ಟ.

"ಹೊಯ್ಸಳರು ಬುದ್ಧಿವಂತರು ಕಣವ್ವ. ಇಷ್ಟು ಜಾಗ ಇಟ್ಕೊಂಡು ಗುಡಿ ಸುತ್ತ ಒಂದೂ ತೆಂಗು ಹಾಕಿಲ್ಲ!"

ನಾವು ಶಿಲ್ಪ ನೋಡಿ ಬರುವಷ್ಟರಲ್ಲಿ, ಪ್ರವಾಸಕ್ಕೆ ಬಂದ ಶಾಲಾ ಮಕ್ಕಳೆಲ್ಲ ಗಾಡಿಯ ಸುತ್ತ! ಮಾವ ಗುಂಡಿ ಒತ್ತಿದ. ಮುದುಕರು ಹತ್ತಲು ಸುಲಭವಾಗಲೆಂದು ಇಟ್ಟ ಗುಂಡಿ ಅದು. ಗಾಡಿ ಮೆಲ್ಲಗೆ ತಗ್ಗಿತು. "ಒಳಗಿರೋ ಬಸವಣ್ಣ ಕೂತೇ ಅವ್ನೆ. ನನ್ನ ಬಸವ ನೋಡ್ರಿ, ಕೂರ್ತಾನೂ ಅವ್ನೆ, ಏಳ್ತಾನೂ ಅವ್ನೆ!" ಮಕ್ಕಳು ಚಪ್ಪಾಳೆ ತಟ್ಟಿದರು. ಅಮ್ಮ ಮುಖಕ್ಕೆ ಸೆರಗು ಮುಚ್ಚಿಕೊಂಡಳು.

ಆಷಾಢ ಬಂತು. ಗಾಳಿಗೆ ತೋಟದಲ್ಲಿ ಕಾಯಿ ಬೀಳುವ ಸದ್ದು ಕೇಳುತ್ತಲೇ ಇರುವ ತಿಂಗಳು. ಒಂದು ಬೆಳಿಗ್ಗೆ ಅಮ್ಮ ಬಟ್ಟೆ ಒಗೆಯುವ ಕಲ್ಲಿನ ಬಳಿ ಜಾರಿ ಬಿದ್ದಳು. ಸೊಂಟ ಮುರಿದಿತ್ತು. ಮುಟ್ಟಿದರೆ ಚೀರುತ್ತಿದ್ದಳು. ಆಂಬುಲೆನ್ಸ್ ಬೇರೆಲ್ಲೋ ಹೋಗಿತ್ತು. ಮಾವನಿಗೆ ಫೋನ್ ಮಾಡಿದೆ. ಮೊಪೆಡ್ಡಿನ ಮೇಲೆ ಇವಳನ್ನು ಸಾಗಿಸಲಾಗುತ್ತದೆಯೇ? ಮಂಚದ ಮೇಲೆ ಮಲಗಿಸಿ ಅಷ್ಟು ದೂರದ ಕಣಕ್ಕೆ ಹೊರಿಸುವುದೆಂದು ಪಕ್ಕದ ತೋಟದವರನ್ನು ಕೂಗುತ್ತಿದ್ದೆ. ದಾರಿಯಲ್ಲಿ ಪ್ರತಿ ಹೆಜ್ಜೆಗೂ ಅವಳು ಚೀರುತ್ತಾಳಲ್ಲ ಎಂದು ನನಗೆ ಅಳು ಬರುತ್ತಿತ್ತು.

ಆಗ ತೋಟದೊಳಗೇ ಹಾರನ್ ಕೇಳಿಸಿತು!

ಗರಿಗಳನ್ನು ತುಳಿದುಕೊಂಡು ಬಂದ ಗಾಡಿ, ನಮ್ಮ ಜಗಲಿಯ ಮುಂದೆ, ಗೊನೆ ಹೊತ್ತು ತೂಗುತ್ತಿದ್ದ ಮರದ ಬುಡದಲ್ಲೇ ನಿಂತಿತು. ಮಾವ ಗುಂಡಿ ಒತ್ತಿದ. ಗಾಡಿ ತಗ್ಗಿತು. ಮಡಿಚಿದ ಸೀಟಿನ ಮೇಲೆ ಹಾಸಿಗೆ ಹಾಸಿ ಅಮ್ಮನನ್ನು ಒಳಗೆ ಜರುಗಿಸುತ್ತಿದ್ದೆವು. ಧಡ್! ಸೂರಿನ ಗಾಜು ಉದ್ದಕ್ಕೂ ಬಿರುಕು ಬಿಟ್ಟಿತು. ನಾನು ಬೆಚ್ಚಿಬಿದ್ದೆ. ವರ್ಷವಿಡೀ ತಲೆಯೆತ್ತಿಕೊಂಡೇ ಬದುಕಿದ್ದ ಮನುಷ್ಯ ಆಗ ಮಾತ್ರ ತಲೆಯೆತ್ತಲಿಲ್ಲ.

"ಅಕ್ಕಯ್ಯನ ಕಾಲು ನೆಟ್ಟಗೆ ಹಿಡ್ಕೊಳವ್ವ."

"ಲೋ... ನಿನ್ನ ಗಾಜು ಹೋಯ್ತಲ್ಲೋ," ಎಂದಳು ಅಮ್ಮ, ನೋವಿನಲ್ಲೇ.

"ಗಾಜು ಅಂಗಡೀಲಿ ಸಿಕ್ತದೆ ಅಕ್ಕಯ್ಯ. ನೀನು ಸುಮ್ಕೆ ಮಲಕ್ಕೋ."

ಹಾಸನದ ಆಸ್ಪತ್ರೆಯವರೆಗೂ ಅವನು ರಸ್ತೆಯ ಒಂದು ಹಳ್ಳದ ಕುಲುಕನ್ನೂ ಅಮ್ಮನ ಮೈಗೆ ಮುಟ್ಟಗೊಡಲಿಲ್ಲ. ನಾವೆಲ್ಲ ನಗುತ್ತಿದ್ದ ಅದೇ ಎತ್ತಿನ ಗಾಡಿಯ ಓಟ! ಅಮ್ಮ ಒಮ್ಮೆಯೂ ಚೀರಲಿಲ್ಲ. ನಾನು ಅವಳ ಕಾಲು ಹಿಡಿದುಕೊಂಡು ಮಾವನ ಬೆನ್ನನ್ನೇ ನೋಡುತ್ತಾ ಕೂತಿದ್ದೆ. ಇಂಥ ತಮ್ಮ ನನ್ನಮ್ಮನಿಗೆ ಸಿಕ್ಕಿದ್ದು ನಮ್ಮೆಲ್ಲರ ಪುಣ್ಯ ಎಂದು ಅವತ್ತು ಅನ್ನಿಸಿತು, ಇವತ್ತಿಗೂ ಅನ್ನಿಸುತ್ತದೆ.

ಅಮ್ಮ ಈಗ ಕೋಲು ಹಿಡಿದು ಓಡಾಡುತ್ತಾಳೆ. ಮಾವ ಹೊಸ ಗಾಜು ಹಾಕಿಸಿದ. ಆದರೆ ಗಾಡಿ ಮತ್ತೆ ಕಣಕ್ಕೆ ಹೋಗಲಿಲ್ಲ. "ಅಕ್ಕಯ್ಯಂಗೆ ಯಾವಾಗ ಬೇಕಾಯ್ತದೋ" ಎಂದು ನಮ್ಮ ಜಗಲಿಯ ಮುಂದೆ, ಅದೇ ಮರದ ಕೆಳಗೆ ನಿಲ್ಲಿಸಿ, ಹಿಂತಿರುಗಿ ನೋಡದೆ ನಡೆದುಕೊಂಡು ಮನೆಗೆ ಹೋಗುತ್ತಾನೆ.

ಆ ಮರದಲ್ಲಿ ಈಗ ಕಾಯಿ ಬಲಿಯಲು ಅಮ್ಮ ಬಿಡುವುದಿಲ್ಲ. ಎಳನೀರಾಗಿರುವಾಗಲೇ ಗೊನೆ ಇಳಿಸಿ, ತಮ್ಮನನ್ನು ಕೂಗಿ ಕರೆದು, ಬೈದುಕೊಂಡೇ ಕುಡಿಸುತ್ತಾಳೆ.