ಅವ್ವನ ದವನ, ನನ್ನ ಮಾಸ್ಕು

ಡಬ್ಬಿಯ ಮೇಲೆ ಏನು ಬರೆದಿದ್ದರೂ ಪೂರ್ತಿ ಓದಿ, ಅಕ್ಷರಶಃ ಹಾಗೇ ನಡೆಯುವವಳು ನಾನು. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಶಿಸ್ತು! ಆದರೆ ರೆಸಿನ್ ಡಬ್ಬಿಯ ಮೇಲೆ ‘ಆವಿ ಅಪಾಯಕಾರಿ, ತಕ್ಕ ಮಾಸ್ಕ್ ಧರಿಸಿ’ ಎಂದು ಇಂಗ್ಲಿಷಿನಲ್ಲಿ ಓದಿದಾಗ ನಗು ಬಂತು. ಬ್ಯಾಡಗಿಯಲ್ಲಿ ಹನ್ನೆರಡು ವರ್ಷ ಮೆಣಸಿನಕಾಯಿ ಘಾಟು ಕುಡಿದವಳಿಗೆ ಮೂಗು ಮುಚ್ಚಿಕೊಳ್ಳುವುದನ್ನು ಒಂದು ಡಬ್ಬಿ ಕಲಿಸಬೇಕೆ!

ರೆಸಿನ್ ತಂದದ್ದು ಅವ್ವನಿಗಾಗಿ. ಅವ್ವ ಹೋಗಿ ಒಂದು ವರ್ಷವಾಗಿತ್ತು. ನನ್ನ ಪಾಲಿಗೆ ಬಂದ ಅವಳ ಟ್ರಂಕಿನಲ್ಲಿ, ಸೀರೆಗಳ ನಡುವೆ, ಹಳೆಯ ಪೇಪರಿನಲ್ಲಿ ಸುತ್ತಿದ ಒಂದು ದವನದ ಕಡ್ಡಿ ಇತ್ತು. ಒಣಗಿ ಬೂದಿಬಣ್ಣಕ್ಕೆ ತಿರುಗಿದ್ದರೂ ವಾಸನೆ ಮಾತ್ರ ಹಾಗೇ. ಪೇಪರು ಬಿಚ್ಚಿದರೆ ಅವ್ವ ಪಕ್ಕದಲ್ಲೇ ನಿಂತು ಸೆರಗು ಕೊಡವಿದಂತೆ. ಬಿಚ್ಚಿದಾಗಲೆಲ್ಲ ನಾಲ್ಕು ಎಲೆ ಪುಡಿಯಾಗುತ್ತಿದ್ದವು. ಬಿಚ್ಚದೆ ಇರಲು ನನ್ನಿಂದಾಗುತ್ತಿರಲಿಲ್ಲ.

ಹಾವೇರಿಯ ಒಂದು ಪ್ರದರ್ಶನದಲ್ಲಿ ಗಾಜಿನಂಥ ಗಟ್ಟಿಯೊಳಗೆ ಕುಳಿತ ಗುಲಾಬಿ ಕಂಡೆ. ರೆಸಿನ್ ಎಂಬ, ಬೆಲ್ಲದ ಪಾಕದಂಥ ದ್ರವವಂತೆ; ಗಟ್ಟಿಯಾಗಿಸುವ ಇನ್ನೊಂದು ದ್ರವ ಬೆರೆಸಿ ಸುರಿದರೆ ಕಲ್ಲಾಗುತ್ತದಂತೆ. ಹೂವಿಗೆ ಅಳಿವಿಲ್ಲ! ಅವ್ವನ ದವನವನ್ನು ಉಳಿಸುವ ದಾರಿ ಸಿಕ್ಕಿತು.

ಔಷಧಿ ಅಂಗಡಿಯಲ್ಲಿ ಬಿಳಿ ಬಟ್ಟೆಯ ಮಾಸ್ಕ್ ಕೊಂಡು, ಪರೀಕ್ಷೆಗೆಂದು ನೆರೆಮನೆಯ ಗಂಗಕ್ಕನ ಜೊತೆ ಖಾರ ಕುಟ್ಟುವ ಗಿರಣಿಗೆ ಹೋಗಿ ನಿಂತೆ. ಗಂಗಕ್ಕ ಒಂದೇ ಸಮನೆ ಸೀನಿದರು. ನಾನು ನಿಶ್ಚಲ!

“ವೈನಿ, ಒಂದ ಸೀನೂ ಬರಲಿಲ್ಲಲ್ರಿ ನಿಮಗ! ಗಟ್ಟಿ ಐತಿ ಬಿಡ್ರಿ ಮಾಸ್ಕು.”

ಬ್ಯಾಡಗಿಯ ಖಾರವೇ ಸೋತ ಮೇಲೆ ಯಾವ ರೆಸಿನ್ ಲೆಕ್ಕ? ಅಡುಗೆಮನೆಯ ಬಾಗಿಲು ಹಾಕಿಕೊಂಡು, ಮೊದಲು ದಾಸವಾಳದ ಮೇಲೆ ಪ್ರಯೋಗವೆಂದು ಡಬ್ಬಿ ತೆರೆದೆ. ಆ ವಾಸನೆ ಮಾಸ್ಕನ್ನು ಮಾತಾಡಿಸಲೂ ಇಲ್ಲ, ನೇರ ನೆತ್ತಿಗೆ ಹೋಯಿತು. ತಲೆ ಗಿರ್ರೆಂದಿತು. ನಮ್ಮ ಯಜಮಾನರು ಬಂದು ನೋಡಿದಾಗ ನಾನು ಹಿತ್ತಲ ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕೂತಿದ್ದೆ, ಮಾಸ್ಕ್ ಸಮೇತ.

“ಸುನಂದಾ, ದವನಾ ಉಳಸಾಕ ಹೋಗಿ ನೀನ ಹೋಗ್ತೀ ಏನ?”

ಮರುದಿನ ರಾಣೆಬೆನ್ನೂರಿನ ಬಸ್ಸು ಹತ್ತಿದೆ. ಮೋಟಾರಿಗೆ ಬಣ್ಣ ಹೊಡೆಯುವವರ ಸಾಮಾನಿನ ಅಂಗಡಿಯವರು ನನ್ನ ಬಿಳಿ ಮಾಸ್ಕನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು.

“ಅಕ್ಕಾರ, ಇದು ಧೂಳು ಹಿಡೀತೈತ್ರಿ. ಖಾರಪುಡಿ ಧೂಳರಿ. ರೆಸಿನ್ನಿಂದು ಆವಿ. ಅದಕ್ಕ ಇದ್ದಲಿ ತುಂಬಿದ ಡಬ್ಬಿ ಇರೋದ ಬೇಕು.”

ಎರಡು ಕೆನ್ನೆಗೆ ಎರಡು ಡಬ್ಬಿಯಿರುವ ರಬ್ಬರ್ ಮಾಸ್ಕ್ ಬಂತು. ಅದರ ಪಟ್ಟಿ ನನ್ನ ತುರುಬು ದಾಟಲಿಲ್ಲ. ಅಂಗಡಿಯಲ್ಲೇ ತುರುಬು ಬಿಚ್ಚಬೇಕಾಯಿತು. ಡಬ್ಬಿಗಳಿಗೆ ಅಂಗೈ ಒತ್ತಿ ಉಸಿರೆಳೆದರೆ ಮಾಸ್ಕ್ ಮುಖಕ್ಕೆ ಅಂಟಬೇಕು, ಎಲ್ಲೂ ಗಾಳಿ ಸೋರಬಾರದು ಎಂದರು. ಅಂಟಿತು. ಬಣ್ಣ ಕೊಳ್ಳಲು ಬಂದಿದ್ದ ನಾಲ್ವರು ಗಂಡಸರು ಬಣ್ಣ ಮರೆತು ನನ್ನನ್ನೇ ನೋಡಿದರು.

ಮನೆಯಲ್ಲಿ ಅದನ್ನೇ ಹಾಕಿಕೊಂಡು ಕನ್ನಡಿ ಮುಂದೆ ನಿಂತಿದ್ದಾಗ ಯಜಮಾನರು ಓಡಿ ಬಂದರು.

“ಹಾಲು ಹೊತ್ತಿ ಓಣಿ ತುಂಬ ನಾರಾಕತ್ತೈತಿ! ನಿನಗ ಗೊತ್ತಾಗವಲ್ದ?”

“ಇಲ್ರಿ! ಏನೂ ವಾಸನಿ ಬರವಲ್ದು!” ಎಂದು ಹಿಗ್ಗಿದೆ. ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕೆ?

ಗಾಳಿಯಾಡುವ ಮಾಳಿಗೆಯ ಮೇಲೆ, ಬಟ್ಟಲಲ್ಲಿ ದವನವನ್ನು ಮಲಗಿಸಿ ರೆಸಿನ್ ಸುರಿದೆ. ಎರಡು ದಿನ ಬಿಟ್ಟು, ಶಿಸ್ತಿನಿಂದ ಮತ್ತೆ ಮಾಸ್ಕ್ ಹಾಕಿಕೊಂಡು ಬಟ್ಟಲು ಕವುಚಿದೆ. ಹರಳಿನಂಥ ಗಟ್ಟಿ! ಒಂದೊಂದು ಎಲೆಯೂ ಸ್ಪಷ್ಟ. ಆಸೆಯಿಂದ ಮುಖದ ಹತ್ತಿರ ತಂದೆ. ಅವ್ವ ಇಲ್ಲ.

ಗಾಳಿಯೂ ಹೋಗದಂತೆ ಮುಚ್ಚಿದ ಮೇಲೆ ವಾಸನೆ ಎಲ್ಲಿಂದ ಬರಬೇಕು? ಇಷ್ಟು ಸಣ್ಣ ವಿಷಯ ನನಗೆ ಹೊಳೆದಿರಲಿಲ್ಲ! ಕೆಳಗೋಡಿ ಟ್ರಂಕು ತೆರೆದು ಸೀರೆಗಳಲ್ಲಿ ಮುಖ ಹುದುಗಿಸಿದೆ. ಅಲ್ಲೂ ಇಲ್ಲ. ಜೋರಾಗಿ ಅತ್ತುಬಿಟ್ಟೆ.

“ಅವ್ವನ ವಾಸನಿ ಪೂರಾ ಹೋತ್ರಿ! ನಾನ ಕಳದೆ!”

ಯಜಮಾನರು ಬಾಗಿಲಿಗೆ ಬಂದು ನನ್ನ ಮುಖ ನೋಡಿದರು. ಆಮೇಲೆ ಮೆಲ್ಲಗೆ ಅಂದರು:

“ಮೊದಲ ಆ ಮಾಸ್ಕ್ ತಗೀ.”

ತೆಗೆದೆ. ಗಟ್ಟಿಯಲ್ಲಿ ಬರೀ ರೆಸಿನ್ ವಾಸನೆ. ಆದರೆ ಟ್ರಂಕಿನ ತಳದಲ್ಲಿದ್ದ, ದವನ ಸುತ್ತಿದ್ದ ಹಳೆಯ ಪೇಪರಿನ ಮಡಿಕೆಯಲ್ಲಿ ಉದುರಿದ ಎಲೆಪುಡಿ, ಒಂದು ಚಿಟಿಕೆಯಷ್ಟು. ಅದರಲ್ಲಿ ಅವ್ವ ಇದ್ದಳು.

ಈಗ ಪೇಪರನ್ನು ಹಬ್ಬಕ್ಕೊಮ್ಮೆ ಮಾತ್ರ ಬಿಚ್ಚುತ್ತೇನೆ, ಫ್ಯಾನ್ ಆರಿಸಿ. ಪುಡಿ ಹಾರಿಹೋಗದಂತೆ ಅದರ ಮೇಲೆ ಭಾರಕ್ಕೆ ನನ್ನ ಹರಳುಗಟ್ಟಿಯನ್ನು ಇಟ್ಟಿದ್ದೇನೆ. ನನ್ನ ಅಷ್ಟೆಲ್ಲ ಸಾಹಸಕ್ಕೆ ಅಷ್ಟಾದರೂ ಕೆಲಸ ಸಿಕ್ಕಿತು!