ಚಂದ್ರಿಯ ಕೊರಳಿನ ತಾಯತ

ತಾಯತ ಗುರುತಿಸುವುದರಲ್ಲಿ ನನ್ನ ಕಣ್ಣು ಎಂದೂ ತಪ್ಪುವುದಿಲ್ಲ ಮಕ್ಕಳೇ. ತಪ್ಪಿದ್ದು ಒಮ್ಮೆ ಮಾತ್ರ. ಆಗ ಒಂದು ಹಕ್ಕಿ ಬದುಕಿದೆಯೋ ಇಲ್ಲವೋ ಎಂದು ಒಬ್ಬ ಹುಡುಗಿ ವಾರವಿಡೀ ಸರಿಯಾಗಿ ಊಟ ಮಾಡಲಿಲ್ಲ.

ಮುಡಬಿ ಹತ್ತಿರದ ನಮ್ಮೂರ ಕೆರೆಗೆ ಮುಂಜಾನೆ ಎಮ್ಮೆ ಹೊಡೆದುಕೊಂಡು ಹೋಗಿದ್ದೆ. ಮಂಜು ಎಷ್ಟಿತ್ತೆಂದರೆ ಎಮ್ಮೆಯ ಬಾಲ ಕಾಣುತ್ತಿತ್ತು, ಕೊಂಬು ಕಾಣುತ್ತಿರಲಿಲ್ಲ. ನೀರಿನ ಕಡೆಯಿಂದ ಯಾರೋ ಸಿಳ್ಳೆ ಹಾಕಿದರು. ನೋಡಿದರೆ ಯಾರೂ ಇಲ್ಲ. ಕಾಲ ಬಳಿ ಕೆಸರಲ್ಲಿ ಉಗುರಿನಷ್ಟು ಕರಿ ಡಬ್ಬಿ ಬಿದ್ದಿತ್ತು. ಅದಕ್ಕೆ ದಾರದ ಕುಣಿಕೆ, ಕೂದಲಿನಂಥ ತಂತಿ.

"ಬಾನಾಮತಿ ಅದ ಅದು. ಯಾರೋ ಮಾಟ ಮಾಡ್ಯಾರ, ಒಗಿ ಅತ್ಲಾಗ," ಎಂದಳು, ಮನೆಗೆ ತಂದು ತೋರಿಸಿದಾಗ, ನೆರೆಮನೆಯ ಕಾಶಿಬಾಯಿ.

"ನಿನಗೇನ್ ತಿಳೀತದ? ತಾಯತ ಇದು," ಎಂದು ನಮ್ಮ ಎಮ್ಮೆ ಚಂದ್ರಿಯ ಕೊರಳಿಗೆ ಕಟ್ಟಿದೆ. ಕರು ಸತ್ತ ಮೇಲೆ ಅದು ಹಾಲು ಬಿಡುತ್ತಿರಲಿಲ್ಲ. ಮರುದಿನ ಒಂದು ಚರಿಗೆ ಕೊಟ್ಟಿತು. ಅದೇ ಹಾಲಿನ ಚಹಾ ಕುಡಿಸಿ ಕಾಶಿಬಾಯಿಗೆ ತಾಯತದ ಮಹಿಮೆಯನ್ನು ಸವಿಸ್ತಾರವಾಗಿ ವಿವರಿಸಿದೆ.

ವಾರದ ಮೇಲೆ, ಹೊತ್ತು ಮುಳುಗುವಾಗ ಕೊಟ್ಟಿಗೆಯ ಹಿಂದೆ ಒಂದು ಹೆಣ್ಣುದನಿ, ಒಂದು ಗಂಡುದನಿ ಕೇಳಿದವು.

"ಇದೇ ಮನಿರಿ ಸರ್. ದಿನಾ ಸಂಜಿಗಿ ಇಲ್ಲಿಗೇ ಬರ್ತದ."

"ಸತ್ತಿರಬೇಕವ್ವ."

"ಸತ್ತದ್ದು ಹ್ಯಾಂಗ ತಿರಗಾಡ್ತದ್ರಿ? ಮುಂಜಾನಿ ಕೆರಿಗಿ ಹೋಗ್ತದ, ಮಧ್ಯಾಹ್ನ ಬೇವಿನ ಗಿಡದ ಕೆಳಗ ನಿಂದರ್ತದ."

ಬೇವಿನ ಗಿಡದ ಕೆಳಗೆ ನಿಲ್ಲುವುದು ನನ್ನ ಗಂಡ, ನಿಮ್ಮ ಮುತ್ಯಾನ ರೂಢಿ. ತೀರಿಕೊಂಡು ಆರು ವರ್ಷವಾದರೂ ಬಿಟ್ಟಿಲ್ಲ! ಸೆರಗು ಹೊದ್ದು, ಕತ್ತಲು ತುಂಬಿದ ಕೊಟ್ಟಿಗೆಗೆ ಕೈಮುಗಿದು, "ನಾ ಆರಾಮ ಅದೀನ್ರಿ. ನೀವಿನ್ನ ಹೋಗ್ರಿ," ಎಂದೆ.

"ಈಗ ಬಂದೀವಲ್ರಿ ಆಯಿ," ಎಂದಿತು ಕತ್ತಲು.

ಆ ಹುಡುಗಿ ಮುಂದೆ ಬಂದಳು, ಹಿಂದೆ ಅವಳ ಸರ್. ಅವಳ ಕೈಯಲ್ಲಿ ಹಳೆಯ ಟಿವಿಯ ಆಂಟೆನಾದಂಥ ಸಲಾಕೆ. ಅದನ್ನು ಚಂದ್ರಿಯತ್ತ ಹಿಡಿದಳು. ಟಕ್ ಟಕ್ ಎಂದಿತು. ಡಬ್ಬಿ ನೋಡಿ ಅಲ್ಲೇ ಕುಳಿತುಬಿಟ್ಟಳು. ಹಿಮಾಲಯ ದಾಟಿ ಚಳಿಗಾಲಕ್ಕೆ ಬರುವ ಗೊರವ ಹಕ್ಕಿಯ ದಾರಿ ತಿಳಿಯಲು, ಇದ್ದ ಜಾಗದ ಸುಳಿವು ಕಳಿಸುವ ಆ ಡಬ್ಬಿಯನ್ನು ಅದರ ಬೆನ್ನಿಗೆ ಅವಳೇ ಕಟ್ಟಿದ್ದಳಂತೆ.

"ಹಂಗಾದ್ರ ಹಕ್ಕಿ ಎಲ್ಲಿ, ಆಯಿ?"

ಡಬ್ಬಿ ಸಿಕ್ಕ ಜಾಗ, ಅಲ್ಲಿ ಕೇಳಿದ ಸಿಳ್ಳೆ ಎಲ್ಲ ಹೇಳಿದೆ.

ಮರುದಿನ ಮಂಜಿನಲ್ಲಿ ಅವಳನ್ನು ಕೆರೆಗೆ ಕರೆದೊಯ್ದೆ. ಬಹಳ ಹೊತ್ತು ನಿಂತೆವು. ಮತ್ತೆ ಅದೇ ಸಿಳ್ಳೆ. ಕಾಲಿಗೆ ಅವಳೇ ಗುರುತಿಗೆಂದು ಹಾಕಿದ್ದ ಹಸಿರು ಬಳೆ ತೊಟ್ಟ ಉದ್ದ ಕೊಕ್ಕಿನ ಹಕ್ಕಿಯೊಂದು ಮಂಜಿನಿಂದ ಹೊರಬಂದು ಕೆಸರು ಕುಕ್ಕತೊಡಗಿತು. "ಜೀವ ಅದ್ರಿ," ಎಂದು ನನ್ನ ಕೈ ಹಿಡಿದುಕೊಂಡಳು. ದಾರ ಸವೆದು ಡಬ್ಬಿ ತಾನಾಗಿ ಕಳಚಿತ್ತು, ಅಷ್ಟೇ.

ಮೊಬೈಲಿನಲ್ಲಿ ನಕಾಶೆ ತೋರಿಸಿದಳು. ಹಿಮದ ನಾಡಿನಿಂದ ಬಂದ ಗೆರೆ ಬಸವಕಲ್ಯಾಣದ ತನಕ ನೆಟ್ಟಗಿತ್ತು. ತುದಿಯಲ್ಲಿ, ನಮ್ಮೂರ ಮೇಲೆ ಮಾತ್ರ ಸಿಕ್ಕುಬಿದ್ದ ನೂಲು.

"ಇದೇನವ್ವ?"

"ನಿಮ್ಮ ಎಮ್ಮಿ."

"ಅಳಿಸಿಬಿಡು ತಾಯಿ."

"ಅಳಿಸಾಕ ಬರಂಗಿಲ್ರಿ. ವರದಿಯಾಗ ಬರೀಬೇಕು. ಹೆಸರೇನ್ರಿ?"

ಹುಮನಾಬಾದ ದಾಟಿ ಹೋಗದ ನಾನು ವಿದೇಶದ ಹಕ್ಕಿಯ ವರದಿಯಲ್ಲಿ! ನಾಚುತ್ತ, ತವರಿನ ಮನೆತನದ ಹೆಸರೂ ಸೇರಿಸಿ ನನ್ನ ಹೆಸರು ಹೇಳಿದೆ.

"ನಿಮ್ದಲ್ರಿ ಆಯಿ," ಎಂದಳು. "ಎಮ್ಮಿದು."